ಮಾಸ್ಟರ್ಸ್ ಸ್ನೂಕರ್ ಟೂರ್ನಿಯ ಫಲಿತಾಂಶವನ್ನು ಓದುವ ಮತ್ತು ದಾಖಲಿಸುವ ಬಗೆ

ಪ್ರತಿ ವರ್ಷ ಜನವರಿಯಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ ನಡೆಯುವ ಮಾಸ್ಟರ್ಸ್ ಸ್ನೂಕರ್ ಟೂರ್ನಿಯ ಸುದ್ದಿ ನಮ್ಮ ಕ್ರೀಡಾಪುಟಗಳಿಗೆ ಬರುವಾಗ ಬಹುಮಟ್ಟಿಗೆ ಒಂದೇ ಸಾಲಾಗಿ ಉಳಿದಿರುತ್ತದೆ. ಯಾರು ಯಾರನ್ನು ಎಷ್ಟು ಫ್ರೇಮ್‌ಗಳಿಂದ (ಪಂದ್ಯದೊಳಗಿನ ಒಂದೊಂದು ಆಟವೂ ಒಂದು ಫ್ರೇಮ್) ಮಣಿಸಿದರು ಎಂಬಷ್ಟನ್ನು ಆ ಸಾಲು ಹೇಳುತ್ತದೆ, ಪಂದ್ಯ ಹೇಗೆ ನಡೆಯಿತು ಎಂಬುದನ್ನು ಹೇಳುವುದಿಲ್ಲ. 2017, 2018, 2024 ಮತ್ತು 2025ರ ಫೈನಲ್‌ಗಳು ನಾಲ್ಕೂ 10–7ರಿಂದಲೇ ಮುಗಿದಿವೆ. ಆದರೆ 2017ರಲ್ಲಿ ರೋನಿ ಓಸಲಿವನ್ ಅವರು ಜೋ ಪೆರಿ ಎದುರು 1–4ರಿಂದ ಹಿಂದೆ ಬಿದ್ದು, ಅಲ್ಲಿಂದ ಸತತ ಏಳು ಫ್ರೇಮ್ ಗೆದ್ದು 8–4ಕ್ಕೆ ಹೋದವರು. 2024ರಲ್ಲಿ ಅದೇ ಓಸಲಿವನ್ ಅವರು ಅಲಿ ಕಾರ್ಟರ್ ಎದುರು 3–6ರ ಹಿನ್ನಡೆಯಲ್ಲಿದ್ದು ಕೊನೆಯ ಎಂಟು ಫ್ರೇಮ್‌ಗಳಲ್ಲಿ ಏಳನ್ನು ತಮ್ಮದಾಗಿಸಿಕೊಂಡವರು. ಮೊದಲನೆಯದರಲ್ಲಿ ಪಂದ್ಯ ನಡುಭಾಗದಲ್ಲೇ ಬಹುಪಾಲು ತೀರ್ಮಾನವಾಗಿತ್ತು, ಎರಡನೆಯದರಲ್ಲಿ ಅದು ತಿರುಗಿದ್ದು ರಾತ್ರಿಯ ಅವಧಿಯಲ್ಲಿ. ಎರಡಕ್ಕೂ ದಾಖಲೆಯಲ್ಲಿ ಇರುವುದು ಒಂದೇ ಅಂಕಿ.

ಫಲಿತಾಂಶದ ಪಟ್ಟಿಯನ್ನು ಸರಿಯಾಗಿ ಓದಲು ಕಲಿತರೆ, ನೇರಪ್ರಸಾರವನ್ನು ನೋಡಲಾಗದವರೂ ಪಂದ್ಯದ ನಡೆಯನ್ನು ಬಹುಮಟ್ಟಿಗೆ ಮತ್ತೆ ಕಟ್ಟಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ನೋಟ್‌ಪುಸ್ತಕ, ಸ್ವಲ್ಪ ಕೂಡುವ ಕಳೆಯುವ ಲೆಕ್ಕ, ಮತ್ತು ಈ ಟೂರ್ನಿಯ ರಚನೆಯ ಅರಿವು. ಸ್ನೂಕರ್‌ನ ಮೂಲ ನಿಯಮಗಳು ಓದುಗರಿಗೆ ಗೊತ್ತಿವೆ ಎಂದುಕೊಂಡೇ ಮುಂದುವರಿಯುತ್ತೇನೆ.

ಮೊದಲು ಇದು ಎಂಥ ಟೂರ್ನಿ ಎಂಬುದನ್ನು ತಿಳಿಯಿರಿ

ಮಾಸ್ಟರ್ಸ್ ಆಹ್ವಾನಿತರ ಟೂರ್ನಿ. ಇದಕ್ಕೆ ಅರ್ಹತಾ ಸುತ್ತು ಇಲ್ಲ. ವಿಶ್ವ ರ‍್ಯಾಂಕಿಂಗ್‌ನ ಮೊದಲ 16 ಸ್ಥಾನಗಳಲ್ಲಿರುವವರಿಗೆ ಮಾತ್ರ ಆಹ್ವಾನ ಹೋಗುತ್ತದೆ, ಮತ್ತು ಆ ಪಟ್ಟಿಯನ್ನು ಡಿಸೆಂಬರಿನಲ್ಲಿ ಯುಕೆ ಚಾಂಪಿಯನ್‌ಷಿಪ್ ಮುಗಿದ ಬಳಿಕ ಅಂತಿಮಗೊಳಿಸುತ್ತಾರೆ. ಹಾಗಾಗಿ ಡಿಸೆಂಬರಿನ ಆ ಟೂರ್ನಿಯ ಫಲಿತಾಂಶದಲ್ಲಿ 14ರಿಂದ 18ನೇ ಸ್ಥಾನದವರೆಗಿನ ಆಟಗಾರರು ಏನು ಮಾಡಿದರು ಎಂಬುದನ್ನು ಗಮನಿಸಿದವರಿಗೆ ಮಾಸ್ಟರ್ಸ್‌ನ ಕಥೆ ಒಂದು ತಿಂಗಳು ಮೊದಲೇ ಶುರುವಾಗುತ್ತದೆ. ಯಾರಾದರೂ ಹಿಂದೆ ಸರಿದರೆ ರ‍್ಯಾಂಕಿಂಗ್‌ನಲ್ಲಿ ಮುಂದಿನವರಿಗೆ ಕರೆ ಹೋಗುತ್ತದೆ. 2025ರಲ್ಲಿ ಓಸಲಿವನ್ ಹಿಂದೆ ಸರಿದಾಗ ಆ ಸ್ಥಾನ ಸಿಕ್ಕಿದ್ದು ನೀಲ್ ರಾಬರ್ಟ್‌ಸನ್ ಅವರಿಗೆ. 2021ರಲ್ಲಿ ಕೋವಿಡ್ ಕಾರಣದಿಂದ ಜಡ್ ಟ್ರಂಪ್ ಮತ್ತು ಜ್ಯಾಕ್ ಲಿಸೋವ್‌ಸ್ಕಿ ಹೊರಬಿದ್ದಾಗ ಜೋ ಪೆರಿ ಮತ್ತು ಗ್ಯಾರಿ ವಿಲ್ಸನ್ ಒಳಬಂದರು. ಆದ್ದರಿಂದ ಡ್ರಾ, ಎಂದರೆ ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ, ಪ್ರಕಟವಾದ ದಿನ ಬರೆದುಕೊಂಡ ಪಟ್ಟಿಯನ್ನು ಮೊದಲ ಪಂದ್ಯದ ಹಿಂದಿನ ದಿನ ಇನ್ನೊಮ್ಮೆ ತಾಳೆ ನೋಡುವುದು ಒಳ್ಳೆಯದು.

ಆಹ್ವಾನಿತರ ಟೂರ್ನಿಯಾದ್ದರಿಂದ ಬರುವ ಇನ್ನೊಂದು ಪರಿಣಾಮವನ್ನು ಅನೇಕ ವರದಿಗಳು ಮರೆಯುತ್ತವೆ. ವಿಶ್ವ ರ‍್ಯಾಂಕಿಂಗ್ ಎಂದರೆ ಕಳೆದ ಎರಡು ವರ್ಷಗಳಲ್ಲಿ ರ‍್ಯಾಂಕಿಂಗ್ ಟೂರ್ನಿಗಳಲ್ಲಿ ಗಳಿಸಿದ ಬಹುಮಾನದ ಹಣದ ಮೊತ್ತ. ಮಾಸ್ಟರ್ಸ್‌ನ ಹಣ ಅದರಲ್ಲಿ ಸೇರುವುದಿಲ್ಲ. 2025ರಲ್ಲಿ ಶಾನ್ ಮರ್ಫಿ ಅವರು ಕೈರನ್ ವಿಲ್ಸನ್ ಅವರನ್ನು ಸೋಲಿಸಿ 3,50,000 ಪೌಂಡ್ ಪಡೆದರು. ರ‍್ಯಾಂಕಿಂಗ್ ಪಟ್ಟಿಯಲ್ಲಿ ಆ ಗೆಲುವಿನ ಬೆಲೆ ಸೊನ್ನೆ. ಆದ್ದರಿಂದ ‘ಮಾಸ್ಟರ್ಸ್ ಗೆಲುವಿನಿಂದ ರ‍್ಯಾಂಕಿಂಗ್‌ನಲ್ಲಿ ಮೇಲೇರಿದರು’ ಎಂಬ ವಾಕ್ಯವನ್ನು ಎಲ್ಲಿ ಕಂಡರೂ ನಂಬಬೇಡಿ. ಹಾಗಿದ್ದೂ ಈ ಟೂರ್ನಿಗೆ ಇಷ್ಟು ಗೌರವವಿದೆ ಎಂದರೆ ಅದಕ್ಕೆ ಕಾರಣ ಎದುರಾಳಿಗಳ ಮಟ್ಟ. ಯುಕೆ ಚಾಂಪಿಯನ್‌ಷಿಪ್ ಮತ್ತು ಶೆಫೀಲ್ಡ್‌ನ ಕ್ರೂಸಿಬಲ್ ರಂಗಮಂದಿರದಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಷಿಪ್ ಜೊತೆ ಸೇರಿ ಇದು ಟ್ರಿಪಲ್ ಕ್ರೌನ್ ಎನಿಸಿಕೊಂಡಿದೆ, ಮತ್ತು ಮೂರರಲ್ಲಿ ಮೊದಲ ಪಂದ್ಯದಿಂದಲೇ ಅಗ್ರ 16ರೊಳಗಿನವರನ್ನೇ ಎದುರಿಸಬೇಕಾದದ್ದು ಇಲ್ಲಿ ಮಾತ್ರ. ನನ್ನ ದೃಷ್ಟಿಯಲ್ಲಿ ಇಲ್ಲಿನ ಮೊದಲ ಸುತ್ತಿನ ಗೆಲುವು ಅನೇಕ ಟೂರ್ನಿಗಳ ಕ್ವಾರ್ಟರ್ ಫೈನಲ್ ಗೆಲುವಿಗೆ ಸಮ.

ಡ್ರಾ ಬರೆದುಕೊಳ್ಳುವುದು

ನೋಟ್‌ಪುಸ್ತಕದ ಎರಡು ಪುಟಗಳನ್ನು ಅಗಲವಾಗಿ ತೆರೆದು, ಎಡ ಅಂಚಿನಲ್ಲಿ 16 ಹೆಸರುಗಳನ್ನು ಎರಡೆರಡಾಗಿ ಬರೆಯಿರಿ. ಬಲಕ್ಕೆ ಹೋದಂತೆ ಎಂಟು, ನಾಲ್ಕು, ಎರಡು, ಒಂದು ಎಂದು ಗೆರೆಗಳು ಕೂಡಿಕೊಳ್ಳಲಿ. ಸೋತವರು ಹೊರಗೆ ಹೋಗುವ ನೇರ ನಾಕೌಟ್ ಪದ್ಧತಿಯಾದ್ದರಿಂದ ಇಡೀ ಟೂರ್ನಿಯಲ್ಲಿ ಇರುವುದು 15 ಪಂದ್ಯಗಳು ಮಾತ್ರ, ಮತ್ತು ಎಲ್ಲವೂ ಒಂದೇ ಮೇಜಿನ ಮೇಲೆ ನಡೆಯುತ್ತವೆ. ಪ್ರತಿ ಹೆಸರಿನ ಮುಂದೆ ಸೀಡ್ ಸಂಖ್ಯೆಯನ್ನು, ಎಂದರೆ ಡ್ರಾದಲ್ಲಿ ಆ ಆಟಗಾರರಿಗೆ ಕೊಟ್ಟ ಕ್ರಮಾಂಕವನ್ನು, ತಪ್ಪದೆ ಬರೆಯಿರಿ. ಹಾಲಿ ಮಾಸ್ಟರ್ಸ್ ಚಾಂಪಿಯನ್ ಮೊದಲ ಸೀಡ್, ವಿಶ್ವ ಚಾಂಪಿಯನ್ ಎರಡನೇ ಸೀಡ್, ಉಳಿದವರು ರ‍್ಯಾಂಕಿಂಗ್ ಪ್ರಕಾರ. ಮೊದಲ ಸುತ್ತಿನಲ್ಲಿ ಮೊದಲ ಎಂಟು ಸೀಡ್‌ಗಳು ಕೊನೆಯ ಎಂಟು ಸೀಡ್‌ಗಳನ್ನು ಎದುರಿಸುತ್ತವೆ.

ಸೀಡ್ ಸಂಖ್ಯೆಯೇ ರ‍್ಯಾಂಕಿಂಗ್ ಎಂದು ತಿಳಿಯುವುದು ಸಾಮಾನ್ಯವಾಗಿ ಆಗುವ ತಪ್ಪು. ಮೊದಲ ಸೀಡ್ ಆದವರು ಆ ಹೊತ್ತಿಗೆ ರ‍್ಯಾಂಕಿಂಗ್‌ನಲ್ಲಿ ಹತ್ತನೆಯವರೂ ಆಗಿರಬಹುದು, ಏಕೆಂದರೆ ಅವರನ್ನು ಅಲ್ಲಿ ಕೂರಿಸಿದ್ದು ಹಿಂದಿನ ಜನವರಿಯ ಗೆಲುವು. ‘ಮೊದಲ ಸೀಡ್‌ಗೆ ಆಘಾತ’ ಎಂಬ ಶೀರ್ಷಿಕೆಯ ತೂಕವನ್ನು ಅಳೆಯಬೇಕಾದರೆ ಎರಡೂ ಸಂಖ್ಯೆಗಳು ಎದುರಿಗಿರಬೇಕು.

ಹಳೆಯ ವರ್ಷಗಳ ಡ್ರಾ ಬರೆಯುವವರು ಇನ್ನೊಂದು ಎಚ್ಚರ ವಹಿಸಬೇಕು. 1975ರ ಮೊದಲ ಮಾಸ್ಟರ್ಸ್‌ಗೆ ಆಹ್ವಾನ ಹೋಗಿದ್ದು 10 ಮಂದಿಗೆ. 16 ಮಂದಿಯ ಪದ್ಧತಿ ಬಂದದ್ದು 1983ರಲ್ಲಿ. 1990ರಿಂದ 2010ರ ನಡುವಿನ ಪಟ್ಟಿಗಳಲ್ಲಿ ವೈಲ್ಡ್ ಕಾರ್ಡ್ (ವಿಶೇಷ ಪ್ರವೇಶ) ಸುತ್ತು ಎಂಬ ಹೆಚ್ಚುವರಿ ಸಾಲು ಕಾಣುತ್ತದೆ. ಈ ಮೂರು ಕಾಲಗಳ ಪಟ್ಟಿಗಳನ್ನು ಒಂದೇ ನಮೂನೆಯ ಪುಟದಲ್ಲಿ ತುಂಬಿಸಲು ಹೋಗಬೇಡಿ.

ದಿನಾಂಕ ಮತ್ತು ವೇಳೆ

ಟೂರ್ನಿ ಒಂದು ಭಾನುವಾರ ಶುರುವಾಗಿ ಮುಂದಿನ ಭಾನುವಾರ ಮುಗಿಯುತ್ತದೆ. 2025ರಲ್ಲಿ ಜನವರಿ 12ರಿಂದ 19ರವರೆಗೆ ನಡೆಯಿತು. ಭಾನುವಾರದಿಂದ ಬುಧವಾರದವರೆಗೆ ಮೊದಲ ಸುತ್ತು, ಗುರುವಾರ ಮತ್ತು ಶುಕ್ರವಾರ ಕ್ವಾರ್ಟರ್ ಫೈನಲ್, ಶನಿವಾರ ಎರಡೂ ಸೆಮಿಫೈನಲ್, ಭಾನುವಾರ ಫೈನಲ್. ದಿನಕ್ಕೆ ಎರಡು ಅವಧಿಗಳು, ಲಂಡನ್ ಗಡಿಯಾರದಲ್ಲಿ ಮಧ್ಯಾಹ್ನ ಒಂದಕ್ಕೆ ಮತ್ತು ಸಂಜೆ ಏಳಕ್ಕೆ. ಜನವರಿಯಲ್ಲಿ ಭಾರತ ಐದೂವರೆ ಗಂಟೆ ಮುಂದಿರುವುದರಿಂದ ಬೆಂಗಳೂರಿನಲ್ಲಿ ಅದು ಸಂಜೆ 6.30 ಮತ್ತು ನಡುರಾತ್ರಿ ಕಳೆದು 12.30. ದುಬೈಯಲ್ಲಿರುವ ಕನ್ನಡಿಗರಿಗೆ ಸಂಜೆ 5 ಮತ್ತು ರಾತ್ರಿ 11.

ಈ ವ್ಯತ್ಯಾಸದಿಂದ ದಾಖಲೆಯಲ್ಲಿ ದಿನಾಂಕಗಳು ಅದಲುಬದಲಾಗುತ್ತವೆ. ಎರಡನೇ ಅವಧಿಯ ಪ್ರತಿಯೊಂದು ಪಂದ್ಯವೂ ನಮ್ಮಲ್ಲಿ ಮರುದಿನದ ದಿನಾಂಕದಲ್ಲಿ ಶುರುವಾಗುತ್ತದೆ, ಮತ್ತು ಫೈನಲ್‌ನ ಕೊನೆಯ ಚೆಂಡು ಗುಳಿಗೆ ಬೀಳುವಾಗ ನಮ್ಮಲ್ಲಿ ಸೋಮವಾರದ ನಸುಕಾಗಿರುತ್ತದೆ. ಆ ಹೊತ್ತಿಗೆ ನಮ್ಮ ಮುದ್ರಿತ ಪತ್ರಿಕೆಗಳು ಅಚ್ಚಾಗಿರುತ್ತವೆ, ಆದ್ದರಿಂದ ಚಾಂಪಿಯನ್ನರ ಹೆಸರು ಮಂಗಳವಾರದ ಪುಟದಲ್ಲಿ ಹುಡುಕಬೇಕಾಗುತ್ತದೆ. ನೋಟ್‌ಪುಸ್ತಕದಲ್ಲಿ ಲಂಡನ್ ದಿನಾಂಕವನ್ನೇ ಬರೆಯುವ ಪದ್ಧತಿ ಇಟ್ಟುಕೊಂಡರೆ ಮುಂದೆ ಯಾವ ದಾಖಲೆಯ ಜೊತೆ ಹೋಲಿಸಿದರೂ ಗೊಂದಲವಾಗುವುದಿಲ್ಲ.

ಫ್ರೇಮ್ ಅಂಕಗಳ ಸಾಲನ್ನು ಬಿಡಿಸುವುದು

ಸೆಮಿಫೈನಲ್‌ವರೆಗಿನ ಪಂದ್ಯಗಳು ಗರಿಷ್ಠ 11 ಫ್ರೇಮ್‌ಗಳವು, ಮೊದಲು ಆರು ಗೆದ್ದವರಿಗೆ ಪಂದ್ಯ. ನಾಲ್ಕು ಫ್ರೇಮ್ ಆದ ಮೇಲೆ ಒಂದು ವಿರಾಮವಿದೆ. ಪಂದ್ಯದ ಪೂರ್ಣ ಫಲಿತಾಂಶ ಎಂದರೆ ಪ್ರತಿ ಫ್ರೇಮ್‌ನ ಅಂಕಗಳನ್ನು ಆಡಿದ ಕ್ರಮದಲ್ಲಿ ಕೊಟ್ಟಿರುವ ಒಂದು ಸಾಲು. ಅದರಲ್ಲಿ ಎಡಗಡೆಯ ಅಂಕಿ ಯಾವಾಗಲೂ ಎಡಗಡೆ ಹೆಸರಿರುವ ಆಟಗಾರರದು, ಫ್ರೇಮ್ ಯಾರೇ ಗೆದ್ದಿರಲಿ. ಆವರಣದಲ್ಲಿರುವುದು ಆ ಫ್ರೇಮ್‌ನಲ್ಲಿ ಬಂದ 50 ಅಥವಾ ಅದಕ್ಕೂ ಹೆಚ್ಚಿನ ಬ್ರೇಕ್, ಎಂದರೆ ಒಂದೇ ಸರದಿಯಲ್ಲಿ ಗಳಿಸಿದ ಅಂಕ. ಅಭ್ಯಾಸಕ್ಕಾಗಿ ನಾನೇ ಕಟ್ಟಿದ ಈ ಸಾಲನ್ನು ನೋಡಿ. ಇದು ಯಾವ ನಿಜ ಪಂದ್ಯದ್ದೂ ಅಲ್ಲ.

72–16 (68), 0–133 (133), 61–58, 45–70, 84–12 (84), 9–76 (62), 67–66 (52 / 60), 102–4 (102), 38–71, 70–63

ಎಡಗಡೆಯವರು 6–4ರಿಂದ ಗೆದ್ದಿದ್ದಾರೆ. ಮೊದಲು ನಾಲ್ಕನೇ ಫ್ರೇಮ್ ಆದ ಮೇಲೆ ಒಂದು ಅಡ್ಡಗೆರೆ ಎಳೆಯಿರಿ: ವಿರಾಮದ ಹೊತ್ತಿಗೆ 2–2. ಮುಂದೆ ಒಂದೊಂದಾಗಿ ಎಣಿಸಿದರೆ 3–2, 3–3, 4–3, 5–3, 5–4, 6–4. ಎಂದರೆ ವಿರಾಮದ ಬಳಿಕ ಬಲಗಡೆಯವರು ಒಮ್ಮೆಯೂ ಮುನ್ನಡೆ ಪಡೆಯಲಿಲ್ಲ, ಆದರೆ ಪಂದ್ಯ ಕೈಬಿಟ್ಟು ಹೋಗಲೂ ಬಿಡಲಿಲ್ಲ.

ಈಗ ಎರಡೂ ಬದಿಯ ಅಂಕಗಳನ್ನು ಕೂಡಿ. ಎಡಗಡೆಯವರ ಮೊತ್ತ 548, ಬಲಗಡೆಯವರ ಮೊತ್ತ 569. ಸೋತವರೇ 21 ಅಂಕ ಹೆಚ್ಚು ಗಳಿಸಿದ್ದಾರೆ! ಸ್ನೂಕರ್‌ನಲ್ಲಿ ಇದು ಸಾಧ್ಯ, ಏಕೆಂದರೆ 133ರ ಅಮೋಘ ಬ್ರೇಕ್‌ಗೂ ಒಂದೇ ಅಂಕದ ಗೆಲುವಿಗೂ ಸಿಗುವುದು ಒಂದೇ ಫ್ರೇಮ್. ಹಾಗಾದರೆ ಪಂದ್ಯ ಎಲ್ಲಿ ತೀರ್ಮಾನವಾಯಿತು? ಅಂತರ ಏಳು ಅಥವಾ ಅದಕ್ಕಿಂತ ಕಡಿಮೆ ಇರುವ ಫ್ರೇಮ್‌ಗಳ ಕೆಳಗೆ ಗೆರೆ ಹಾಕಿ: 61–58, 67–66, 70–63. ಕೊನೆಯ ಒಂದೆರಡು ಚೆಂಡುಗಳ ಮೇಲೆ ನಿಂತಿದ್ದ ಈ ಮೂರೂ ಎಡಗಡೆಯವರಿಗೆ ಹೋಗಿವೆ. ಬಲಗಡೆಯವರು ದೊಡ್ಡ ಬ್ರೇಕ್‌ನಲ್ಲಿ ಹಿಂದೆ ಬಿದ್ದವರಲ್ಲ, ಬಣ್ಣದ ಚೆಂಡುಗಳ ಕೊನೆಯ ಹಂತದಲ್ಲಿ ಸೋತವರು. ‘6–4’ ಎಂಬ ಎರಡು ಅಂಕಿಗಳಿಂದ ಇದನ್ನು ಯಾರೂ ಊಹಿಸಲಾರರು, ಫ್ರೇಮ್ ಅಂಕಗಳ ಸಾಲಿನಿಂದ ಯಾರು ಬೇಕಾದರೂ ತೆಗೆಯಬಹುದು. ಯಾವುದೇ ಫಲಿತಾಂಶವನ್ನು ನಾನು ಓದುವಾಗ ಮಾಡುವ ಮೊದಲ ಕೆಲಸ ಈ ಬಿಗಿ ಫ್ರೇಮ್‌ಗಳನ್ನು ಹುಡುಕುವುದೇ.

ಆವರಣದ ಅಂಕಿಗಳನ್ನೂ ಅಂಕಗಳ ಜೊತೆಗಿಟ್ಟು ಓದಬೇಕು. 84–12 (84) ಎಂದಿದ್ದರೆ ಗೆದ್ದವರು ತಮ್ಮೆಲ್ಲ ಅಂಕಗಳನ್ನು ಒಂದೇ ಸರದಿಯಲ್ಲಿ ತೆಗೆದಿದ್ದಾರೆ, ಎದುರಾಳಿ ಹೆಚ್ಚಿನ ಹೊತ್ತು ಕುರ್ಚಿಯಲ್ಲೇ ಕೂತಿದ್ದಾರೆ. 61–58 ಎಂದಿದ್ದು ಆವರಣವೇ ಇಲ್ಲದಿದ್ದರೆ ಆ ಫ್ರೇಮ್ ಸುರಕ್ಷತೆಯ ಹೊಡೆತಗಳ (ಎದುರಾಳಿಗೆ ಅವಕಾಶ ಸಿಗದಂತೆ ಆಡುವ ಹೊಡೆತಗಳ) ನಡುವೆ ಎಳೆದಾಡಿದ್ದು, ಅರ್ಧ ಗಂಟೆಗೂ ಹೆಚ್ಚು ಹಿಡಿದಿದ್ದರೆ ಆಶ್ಚರ್ಯವಿಲ್ಲ. 67–66 (52 / 60) ಎಂಬಲ್ಲಿ ಒಬ್ಬರ 52ಕ್ಕೆ ಇನ್ನೊಬ್ಬರ 60 ಎದುರಾಗಿದೆ. ಯಾರು ಮೊದಲು ಆಡಿದರು ಎಂಬುದನ್ನು ಸಾಲು ಹೇಳುವುದಿಲ್ಲವಾದರೂ, ಒಬ್ಬರು ಕೈಗೆ ಬಂದ ಫ್ರೇಮನ್ನು ಬಿಟ್ಟುಕೊಟ್ಟರು ಎಂಬುದಂತೂ ನಿಶ್ಚಯ.

ಇಂಥ ಜಾಗಗಳಲ್ಲಿ ನೆರವಿಗೆ ಬರುವುದು ‘ಮೇಜಿನ ಮೇಲೆ ಎಷ್ಟು ಉಳಿದಿದೆ’ ಎಂಬ ಲೆಕ್ಕ. ಉಳಿದ ಕೆಂಪು ಚೆಂಡುಗಳನ್ನು ಎಂಟರಿಂದ ಗುಣಿಸಿ 27 ಕೂಡಿಸಿದರೆ ಸಾಧ್ಯವಿರುವ ಗರಿಷ್ಠ ಅಂಕ ಸಿಗುತ್ತದೆ; ಪ್ರತಿ ಕೆಂಪಿಗೆ ಒಂದು, ಅದರ ಜೊತೆಯ ಕಪ್ಪಿಗೆ ಏಳು, ಕೊನೆಯ ಆರು ಬಣ್ಣಗಳಿಗೆ 27. ಹದಿನೈದೂ ಕೆಂಪು ಇರುವಾಗ ಇದು 147. ನಾಲ್ಕು ಕೆಂಪು ಉಳಿದಿದ್ದರೆ 59. ಆಗ 60 ಅಂಕ ಮುಂದಿರುವವರನ್ನು ಹಿಡಿಯಲು ಎದುರಾಳಿಗೆ ಫೌಲ್ ಅಂಕಗಳು ಬೇಕೇ ಬೇಕು. ಹತ್ತು ಕೆಂಪು ಮತ್ತು ಹತ್ತು ಕಪ್ಪು ಹಾಕಿ 80 ತಲುಪಿದವರ ಎದುರು ಉಳಿಯುವುದು 67 ಮಾತ್ರ. ಆದರೆ 60ರ ಬ್ರೇಕ್ ಮಾಡಿದ ಮಾತ್ರಕ್ಕೆ ಯಾರೂ ನಿಶ್ಚಿಂತರಾಗುವಂತಿಲ್ಲ. 2006ರ ಫೈನಲ್‌ನಲ್ಲಿ 9–9 ಆಗಿದ್ದಾಗ ನಿರ್ಣಾಯಕ ಫ್ರೇಮ್‌ನಲ್ಲಿ ಓಸಲಿವನ್ 60 ಗಳಿಸಿ ನಿಂತರು, ಜಾನ್ ಹಿಗಿನ್ಸ್ ಎದ್ದು ಬಂದು 64 ಗಳಿಸಿ ಪ್ರಶಸ್ತಿಯನ್ನೇ ಎತ್ತಿಕೊಂಡರು. ವೆಂಬ್ಲಿ ಕಾನ್ಫರೆನ್ಸ್ ಸೆಂಟರ್‌ನಲ್ಲಿ ನಡೆದ ಕೊನೆಯ ಮಾಸ್ಟರ್ಸ್ ಪಂದ್ಯ ಅದು.

ಇನ್ನೊಂದು ಸೂಕ್ಷ್ಮ. ಕಪ್ಪು ಚೆಂಡೂ ಬಿದ್ದ ಮೇಲೆ ಅಂಕಗಳು ಸಮವಾಗಿದ್ದರೆ ಕಪ್ಪನ್ನು ಮತ್ತೆ ಅದರ ಜಾಗದಲ್ಲಿಟ್ಟು ಆಡಿಸುತ್ತಾರೆ. ಅದನ್ನು ಹಾಕಿದವರಿಗೆ ಏಳು ಅಂಕ, ಅದರ ಮೇಲೆ ಫೌಲ್ ಮಾಡಿದರೆ ಎದುರಾಳಿಗೆ ಏಳು ಅಂಕ. ಎರಡರಲ್ಲಿ ಯಾವುದಾದರೂ ಫ್ರೇಮ್ ಮುಗಿಯುತ್ತದೆ. ಹಾಗಾಗಿ ಇಂಥ ಫ್ರೇಮ್‌ನ ಅಂತರ ಏಳೇ ಆಗಿರಬೇಕು. ಮೇಲಿನ 70–63 ಅಂಥದ್ದಾಗಿರಬಹುದು, ಸಾಮಾನ್ಯವಾಗಿ ಮುಗಿದ ಫ್ರೇಮೂ ಆಗಿರಬಹುದು. ಅನುಮಾನ ಬಂದಲ್ಲಿ ಅಂಚಿನಲ್ಲಿ ಪ್ರಶ್ನಾರ್ಥಕ ಹಾಕಿ ಪೂರ್ಣ ವರದಿಯಲ್ಲಿ ನೋಡಿಕೊಳ್ಳಿ. ಈ ಟೂರ್ನಿಯ ಇತಿಹಾಸವೇ ಶುರುವಾದದ್ದು ಹೀಗೆ: 1975ರ ಮೊದಲ ಫೈನಲ್‌ನಲ್ಲಿ ಜಾನ್ ಸ್ಪೆನ್ಸರ್ ಅವರು ರೇ ರಿಯರ್ಡನ್ ಅವರನ್ನು 9–8ರಿಂದ ಸೋಲಿಸಿದ್ದು ನಿರ್ಣಾಯಕ ಫ್ರೇಮ್‌ನಲ್ಲಿ ಮತ್ತೆ ಇಟ್ಟ ಕಪ್ಪು ಚೆಂಡಿನ ಮೇಲೆ.

147 ಕಂಡರೆ ಮಾತ್ರ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ, ಅಷ್ಟು ಅಪರೂಪ ಅದು. 1984ರಲ್ಲಿ ಜಿಮ್ಮಿ ವೈಟ್ ಎದುರಿನ ಸೆಮಿಫೈನಲ್‌ನಲ್ಲಿ ಕೆನಡಾದ ಕರ್ಕ್ ಸ್ಟೀವನ್ಸ್ ಮೊದಲು ಸಾಧಿಸಿದರು. ಮುಂದಿನದಕ್ಕೆ 2007ರವರೆಗೆ ಕಾಯಬೇಕಾಯಿತು. ಅದು ಚೀನಾದ ಡಿಂಗ್ ಜುನ್‌ಹುಯಿ ಅವರದು. 2015ರಲ್ಲಿ ಹಾಂಗ್‌ಕಾಂಗ್‌ನ ಮಾರ್ಕೊ ಫು, 2024ರಲ್ಲಿ ಮತ್ತೊಮ್ಮೆ ಡಿಂಗ್ ಹಾಗೂ ಮಾರ್ಕ್ ಅಲೆನ್, 2025ರಲ್ಲಿ ಶಾನ್ ಮರ್ಫಿ. ಮರ್ಫಿ ಅವರು ಅದನ್ನು ಬಾರಿಸಿದ್ದು ಸೆಮಿಫೈನಲ್‌ನಲ್ಲಿ, ಹಿಂದಿನ ವರ್ಷ 147 ಮಾಡಿದ್ದ ಅಲೆನ್ ಎದುರೇ.

ಫೈನಲ್ ಅನ್ನು ಎರಡು ಭಾಗವಾಗಿ ಓದಿ

ಫೈನಲ್ ಗರಿಷ್ಠ 19 ಫ್ರೇಮ್‌ಗಳದು; ಮೊದಲು ಹತ್ತು ಗೆದ್ದವರು ಚಾಂಪಿಯನ್. ಮಧ್ಯಾಹ್ನ ಎಂಟು ಫ್ರೇಮ್, ಉಳಿದವು ರಾತ್ರಿ. ಎಂಟನೇ ಫ್ರೇಮ್‌ನ ಬಳಿ ಗೆರೆ ಎಳೆದು ಎರಡೂ ಅವಧಿಗಳ ಅಂಕಿಯನ್ನು ಬೇರೆ ಬೇರೆ ಬರೆಯಿರಿ. 2017ರ ಫೈನಲ್‌ನಲ್ಲಿ 1–4 ಆದ ಮೇಲೆ ಓಸಲಿವನ್ ಮಧ್ಯಾಹ್ನದ ಕೊನೆಯ ಮೂರನ್ನು ಗೆದ್ದು 4–4 ಮಾಡಿಕೊಂಡರು, ರಾತ್ರಿ ಬಂದು ಇನ್ನೂ ನಾಲ್ಕನ್ನು ಸಾಲಾಗಿ ಗೆದ್ದರು. ಹೀಗೆ ಬರೆದಾಗ ಆ ಸತತ ಏಳು ಫ್ರೇಮ್‌ಗಳು ಎರಡು ಅವಧಿಗಳ ನಡುವಿನ ಗಂಟೆಗಳ ಬಿಡುವನ್ನೂ ದಾಟಿ ಬಂದವು ಎಂಬುದು ಕಣ್ಣಿಗೆ ಕಾಣುತ್ತದೆ. ಬಿಡುವು ಆಟದ ಲಯ ಮುರಿಯುತ್ತದೆ ಎಂಬ ಮಾತು ಎಲ್ಲ ಸಲವೂ ನಿಜವಾಗುವುದಿಲ್ಲ.

ಅಂತರ ದೊಡ್ಡದಾಗಿದ್ದರೂ ಕ್ರಮವನ್ನು ನೋಡುವುದನ್ನು ಬಿಡಬೇಡಿ. 2016ರಲ್ಲಿ ಬ್ಯಾರಿ ಹಾಕಿನ್ಸ್ 1–10ರಿಂದ ಸೋತರು ಎಂದು ಓದಿದಾಗ ಅವರು ನಡುವೆ ಎಲ್ಲೋ ಒಂದು ಫ್ರೇಮ್ ಸಮಾಧಾನಕ್ಕೆ ಗಳಿಸಿರಬೇಕು ಎನಿಸುತ್ತದೆ. ನಿಜದಲ್ಲಿ ಅವರು ಗೆದ್ದದ್ದು ಮೊಟ್ಟಮೊದಲ ಫ್ರೇಮನ್ನು. ಆ ಬಳಿಕ ಓಸಲಿವನ್ ಹತ್ತನ್ನೂ ಸಾಲಾಗಿ ತೆಗೆದರು.

ಮಾಸ್ಟರ್ಸ್‌ನ ಅತ್ಯಂತ ದೊಡ್ಡ ತಿರುವುಗಳೆಲ್ಲ ಅಂತಿಮ ಅಂಕಿಯ ಹಿಂದೆ ಅಡಗಿರುವಂಥವು. 1991ರಲ್ಲಿ ಸ್ಟೀಫನ್ ಹೆಂಡ್ರಿ ಅವರು ಮೈಕ್ ಹ್ಯಾಲೆಟ್ ಅವರನ್ನು 9–8ರಿಂದ ಸೋಲಿಸಿದರು ಎಂಬ ದಾಖಲೆ ಸಮಬಲದ ಹೋರಾಟದಂತೆ ಕಾಣುತ್ತದೆ. ಆದರೆ ಆ ಫೈನಲ್‌ನಲ್ಲಿ ಹೆಂಡ್ರಿ ಒಮ್ಮೆ 0–7ರಿಂದಲೂ ಅನಂತರ 2–8ರಿಂದಲೂ ಹಿಂದಿದ್ದರು. ಆಗ ಗೆಲುವಿಗೆ ಒಂಬತ್ತು ಸಾಕಾಗಿದ್ದರಿಂದ ಹ್ಯಾಲೆಟ್‌ಗೆ ಬೇಕಾಗಿದ್ದದ್ದು ಒಂದೇ ಫ್ರೇಮ್, ಮತ್ತು ಉಳಿದ ಏಳರಲ್ಲಿ ಅದು ಅವರಿಗೆ ದಕ್ಕಲಿಲ್ಲ. 1997ರಲ್ಲಿ ಸ್ಟೀವ್ ಡೇವಿಸ್ ಅವರು ಓಸಲಿವನ್ ಎದುರು 4–8ರಿಂದ ಎದ್ದು ಸತತ ಆರು ಫ್ರೇಮ್ ಗೆದ್ದು 10–8 ಮಾಡಿದರು. 2010ರಲ್ಲಿ ಮಾರ್ಕ್ ಸೆಲ್ಬಿ 6–9ರಿಂದ ಹಿಂದಿದ್ದೂ 10–9ಕ್ಕೆ ತಲುಪಿದರು.

ಈ ಸಾಲಿನಲ್ಲಿ ಪಾಲ್ ಹಂಟರ್ ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವುದು ನನಗೆ ಸಾಧ್ಯವಿಲ್ಲ. 2001, 2002 ಮತ್ತು 2004ರಲ್ಲಿ ಅವರು ಮೂರು ಬಾರಿ ಮಾಸ್ಟರ್ಸ್ ಗೆದ್ದರು, ಮೂರೂ ಬಾರಿ ಫಲಿತಾಂಶ 10–9. 2002ರಲ್ಲಿ ಮಾರ್ಕ್ ವಿಲಿಯಮ್ಸ್ ಎದುರು 0–5ರಿಂದಲೂ, 2004ರಲ್ಲಿ ಓಸಲಿವನ್ ಎದುರು 2–7ರಿಂದಲೂ ಹಿಂದಿದ್ದು ಬಂದವರು ಅವರು. ನೋಟ್‌ಪುಸ್ತಕದಲ್ಲಿ ಈ ಮೂರು ಫೈನಲ್‌ಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ, ನಿರ್ಣಾಯಕ ಫ್ರೇಮ್ ಎಂಬುದು ಅದೃಷ್ಟದ ಆಟ ಎಂಬ ವಾದ ಎಷ್ಟು ದುರ್ಬಲ ಎಂದು ತಿಳಿಯುತ್ತದೆ. 2006ರ ಅಕ್ಟೋಬರಿನಲ್ಲಿ, 27ರ ಹರೆಯದಲ್ಲಿ, ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಇಂದು ಚಾಂಪಿಯನ್ನರು ಎತ್ತಿ ಹಿಡಿಯುವ ಟ್ರೋಫಿಗೆ ಅವರದೇ ಹೆಸರು.

ಅಂಕಗಳ ಸಾಲಿನಲ್ಲಿ ಎಂದೂ ಕಾಣದ ಸಂಗತಿಗಳಿಗಾಗಿ ಪುಟದ ಅಂಚಿನಲ್ಲಿ ಒಂದಿಷ್ಟು ಜಾಗ ಬಿಡಿ. 2017ರ ಸೆಮಿಫೈನಲ್‌ನಲ್ಲಿ ಓಸಲಿವನ್ ಅವರು ಮಾರ್ಕೊ ಫು ಅವರನ್ನು 6–4ರಿಂದ ಸೋಲಿಸಿದ್ದು ಪಂದ್ಯದ ನಡುವೆ ಕ್ಯೂ (ಚೆಂಡು ಹೊಡೆಯುವ ಕೋಲು) ತುದಿ ಕೈಕೊಟ್ಟು ಹೊಸದನ್ನು ಹಾಕಿಸಿಕೊಂಡ ಮೇಲೆ. ಹೊಸ ತುದಿ ಒಗ್ಗಲು ಆಟಗಾರರಿಗೆ ಸಾಮಾನ್ಯವಾಗಿ ದಿನಗಳೇ ಬೇಕಾಗುತ್ತವೆ ಎಂಬುದನ್ನು ಬಲ್ಲವರಿಗೆ ಆ 6–4ರ ಬೆಲೆ ಬೇರೆಯೇ.

ಹೋಲಿಸುವಾಗ ವಹಿಸಬೇಕಾದ ಎಚ್ಚರ

ಬೇರೆ ಬೇರೆ ಟೂರ್ನಿಗಳ ಒಂದೇ ಅಂಕಿಯನ್ನು ಸಮ ಎಂದು ತಿಳಿಯಬೇಡಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಸುತ್ತೇ 19 ಫ್ರೇಮ್‌ಗಳದು, ಫೈನಲ್ 35 ಫ್ರೇಮ್‌ಗಳದು. ಹಾಗಾಗಿ 10–7 ಎಂಬುದು ಮಾಸ್ಟರ್ಸ್‌ನಲ್ಲಿ ಪ್ರಶಸ್ತಿ ತಂದುಕೊಡುವ ಅಂಕಿ, ಕ್ರೂಸಿಬಲ್‌ನಲ್ಲಿ ಎರಡನೇ ಸುತ್ತಿಗೆ ದಾಟಿಸುವ ಅಂಕಿ. ಪಂದ್ಯ ಚಿಕ್ಕದಾದಷ್ಟೂ ಒಳ್ಳೆಯ ಆಟಗಾರ ಬೇಗ ಹೊರಬೀಳುವ ಸಂಭವ ಹೆಚ್ಚು. ಮಾಸ್ಟರ್ಸ್‌ನ ಮೊದಲ ಸುತ್ತಿನ 6–5 ಸೋಲಿನಿಂದ ಒಬ್ಬರ ಇಡೀ ಋತುವಿನ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಹಣದ ಹೋಲಿಕೆಯೂ ಹಾಗೆಯೇ. 2024ರಲ್ಲಿ ಚಾಂಪಿಯನ್ನರಿಗೆ 2,50,000 ಪೌಂಡ್, ರನ್ನರ್ ಅಪ್‌ಗೆ 1,00,000, ಸೆಮಿಫೈನಲ್‌ನಲ್ಲಿ ಸೋತವರಿಗೆ 60,000, ಕ್ವಾರ್ಟರ್ ಫೈನಲ್‌ನಲ್ಲಿ 30,000, ಮೊದಲ ಸುತ್ತಿನಲ್ಲೇ ಹೊರಬಿದ್ದವರಿಗೆ 15,000. ಗರಿಷ್ಠ ಬ್ರೇಕ್‌ನ 15,000 ಸೇರಿ ಒಟ್ಟು 7,25,000. ಮರುವರ್ಷ ಒಟ್ಟು ಮೊತ್ತ ಹತ್ತು ಲಕ್ಷ ಪೌಂಡ್ ದಾಟಿತು. ಇಂಥ ಜಿಗಿತಗಳಿರುವಾಗ ಬೇರೆ ಬೇರೆ ಕಾಲದ ಆಟಗಾರರನ್ನು ಗಳಿಸಿದ ಹಣದಿಂದ ತೂಗಲಾಗದು, ಪ್ರಶಸ್ತಿಗಳ ಸಂಖ್ಯೆಯಿಂದ ತೂಗುವುದು ಮೇಲು. ಓಸಲಿವನ್ ಎಂಟು ಬಾರಿ ಗೆದ್ದಿದ್ದಾರೆ, ಮೊದಲನೆಯದು 1995ರಲ್ಲಿ 19ರ ವಯಸ್ಸಿನಲ್ಲಿ, ಎಂಟನೆಯದು 2024ರಲ್ಲಿ 48ರ ವಯಸ್ಸಿನಲ್ಲಿ. ಅತಿ ಕಿರಿಯ ಚಾಂಪಿಯನ್ನೂ ಅವರೇ, ಅತಿ ಹಿರಿಯ ಚಾಂಪಿಯನ್ನೂ ಅವರೇ. ಹೆಂಡ್ರಿ ಆರು ಬಾರಿ ಗೆದ್ದಿದ್ದಾರೆ, ಅದರಲ್ಲಿ ಐದು 1989ರಿಂದ 1993ರವರೆಗೆ ಸತತವಾಗಿ. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಸತತ ಐದರ ಕಡೆಗೇ ವಾಲುತ್ತೇನೆ, ಏಕೆಂದರೆ ಅಷ್ಟೂ ವರ್ಷ ಅಗ್ರ ಹದಿನಾರರಲ್ಲಿ ಯಾರಿಗೂ ಅವರನ್ನು ಒಮ್ಮೆಯೂ ತಡೆಯಲಾಗಲಿಲ್ಲ.

ಕನ್ನಡದ ವರದಿಗಳಲ್ಲಿ ಬೆರೆತುಹೋಗುವ ಇನ್ನೊಂದು ವಿಷಯವನ್ನೂ ಹೇಳಬೇಕು. ಬೆಂಗಳೂರಿನ ಪಂಕಜ್ ಅಡ್ವಾಣಿ ಅವರು ಗೆದ್ದ ಐಬಿಎಸ್‌ಎಫ್ (ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ವಿಶ್ವ ಸ್ನೂಕರ್ ಪ್ರಶಸ್ತಿಗಳು ಅಮೆಚೂರ್ (ಹವ್ಯಾಸಿ) ವಿಭಾಗದವು. ಕ್ರೂಸಿಬಲ್‌ನ ವಿಶ್ವ ಚಾಂಪಿಯನ್‌ಷಿಪ್ ವೃತ್ತಿಪರರದು. ಅಡ್ವಾಣಿ ವೃತ್ತಿಪರ ವಲಯದಲ್ಲೂ ಎರಡು ಋತು ಆಡಿ 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ದರು. ಎರಡೂ ದಾಖಲೆಗಳಿಗೆ ಅವುಗಳದೇ ಘನತೆಯಿದೆ, ಒಂದೇ ಪಟ್ಟಿಯಲ್ಲಿ ಕೂಡಿಸುವುದು ಮಾತ್ರ ತಪ್ಪು. ಇವೆರಡರ ನಡುವಿನ ಸೇತುವೆ ಕಾಣಬೇಕಾದರೆ 2014ಕ್ಕೆ ಹೋಗಿ. ಆ ವರ್ಷ ಐಬಿಎಸ್‌ಎಫ್ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್ ನಡೆದದ್ದು ಬೆಂಗಳೂರಿನಲ್ಲಿ, ಮತ್ತು ಅದನ್ನು ಗೆದ್ದವರು ಚೀನಾದ 14 ವರ್ಷದ ಹುಡುಗ ಯಾನ್ ಬಿಂಗ್‌ಟಾವ್. ಫೈನಲ್‌ನಲ್ಲಿ ಪಾಕಿಸ್ತಾನದ ಮೊಹಮ್ಮದ್ ಸಜ್ಜಾದ್ ಎದುರು 8–7. ಅದೇ ಹುಡುಗ 2021ರ ಜನವರಿಯಲ್ಲಿ, ಕೋವಿಡ್ ಕಾರಣ ಮಿಲ್ಟನ್ ಕೀನ್ಸ್‌ನಲ್ಲಿ ಪ್ರೇಕ್ಷಕರಿಲ್ಲದೆ ನಡೆದ ಮಾಸ್ಟರ್ಸ್‌ನಲ್ಲಿ ಜಾನ್ ಹಿಗಿನ್ಸ್ ಅವರನ್ನು 10–8ರಿಂದ ಸೋಲಿಸಿ ಚಾಂಪಿಯನ್ ಆದರು. 2023ರಲ್ಲಿ ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ ಅವರಿಗೆ ಐದು ವರ್ಷಗಳ ನಿಷೇಧ ಬಿತ್ತು ಎಂಬ ಸಾಲನ್ನೂ ದಾಖಲೆ ಬರೆಯುವವರು ಅದೇ ಪುಟದಲ್ಲಿ ಸೇರಿಸಬೇಕಾಗುತ್ತದೆ.

ನಾಲ್ಕು ವಾಕ್ಯಗಳ ವರದಿ

ಇಷ್ಟೆಲ್ಲ ಗುರುತು ಹಾಕಿಕೊಂಡ ಮೇಲೆ ಪ್ರತಿ ಪಂದ್ಯಕ್ಕೂ ನಾಲ್ಕು ವಾಕ್ಯ ಬರೆಯುವುದನ್ನು ರೂಢಿಸಿಕೊಳ್ಳಿ. ಮೊದಲನೆಯದರಲ್ಲಿ ಫಲಿತಾಂಶ ಮತ್ತು ಸುತ್ತು. ಎರಡನೆಯದರಲ್ಲಿ ವಿರಾಮದ ಅಥವಾ ಮೊದಲ ಅವಧಿಯ ಸ್ಥಿತಿ. ಮೂರನೆಯದರಲ್ಲಿ ಪಂದ್ಯ ತಿರುಗಿದ ಫ್ರೇಮ್, ಅದರ ಅಂಕದ ಸಮೇತ. ನಾಲ್ಕನೆಯದರಲ್ಲಿ ದೊಡ್ಡ ಬ್ರೇಕ್‌ಗಳು. ಮೇಲಿನ ಅಭ್ಯಾಸದ ಸಾಲಿಗೆ ಬರೆದರೆ ಮೂರನೆಯ ವಾಕ್ಯ ಹೀಗಿರುತ್ತದೆ: ‘3–3ರ ಸಮಬಲದಲ್ಲಿದ್ದಾಗ ಏಳನೇ ಫ್ರೇಮನ್ನು 67–66ರಿಂದ ಕಸಿದುಕೊಂಡದ್ದು ಪಂದ್ಯವನ್ನು ಎಡಗಡೆಯವರ ಕಡೆಗೆ ವಾಲಿಸಿತು.’ ‘ಸುಲಭ ಜಯ’, ‘ರೋಚಕ ಗೆಲುವು’ ಮುಂತಾದ ಪದಗಳನ್ನು ಬಳಸುವ ಮುನ್ನ ಅಂಕಗಳ ಸಾಲಿನಲ್ಲಿ ಅದಕ್ಕೆ ಆಧಾರವಿದೆಯೇ ಎಂದು ನೋಡಿ; 6–1ರಲ್ಲೂ ನಾಲ್ಕು ಫ್ರೇಮ್ ಕಪ್ಪು ಚೆಂಡಿನವರೆಗೆ ಹೋಗಿರಬಹುದು.

ಫೈನಲ್ ಬರೆದು ಮುಗಿಸಿದ ಬಳಿಕ ಮುಂದಿನ ಎರಡು ಪುಟಗಳನ್ನು ತಿರುಗಿಸಿ, ಬರುವ ವರ್ಷದ ಡ್ರಾಗೆ ಗೆರೆಗಳನ್ನು ಎಳೆದು ಮೊದಲ ಸೀಡ್‌ನ ಜಾಗದಲ್ಲಿ ಗೆದ್ದವರ ಹೆಸರನ್ನು ಆಗಲೇ ಬರೆದುಬಿಡಬಹುದು. ಎರಡನೇ ಸೀಡ್‌ನ ಹೆಸರು ಮೇ ತಿಂಗಳ ಆರಂಭದಲ್ಲಿ ಶೆಫೀಲ್ಡ್‌ನಿಂದ ಬರುತ್ತದೆ, ಉಳಿದ ಹದಿನಾಲ್ಕು ಡಿಸೆಂಬರಿನಲ್ಲಿ.